ಹಳೆಯ ಗಾಲ್ಫ್ ಗಾಡಿಯನ್ನು ಹೊಲದ ಗಾಡಿಯನ್ನಾಗಿ ಮಾರ್ಪಡಿಸುವ ಕ್ರಮ

ಮೈಸೂರಿನ ಮೃಗಾಲಯಕ್ಕೆ ಹೋಗಿಬಂದ ರೈತಮಹಾಶಯರು, ಅಲ್ಲಿ ಹೊಗೆಯಾಗಲಿ ಸದ್ದಾಗಲಿ ಇಲ್ಲದೆ ವೃದ್ಧರನ್ನೂ ನಡೆಯಲಾರದವರನ್ನೂ ಕುಳ್ಳಿರಿಸಿಕೊಂಡು ಮೆಲ್ಲನೆ ಸುತ್ತುವ ಚಿಕ್ಕ ಬ್ಯಾಟರಿ ಗಾಡಿಗಳನ್ನು ನೋಡಿಯೇ ಇರುವರು. ಗಾಲ್ಫ್ ಗಾಡಿಯೆಂಬುದು ಇದೇ ಜಾತಿಗೆ ಸೇರಿದುದು. ಗಾಲ್ಫ್ ಆಟದ ಬಯಲುಗಳಲ್ಲಿಯೂ ಪ್ರವಾಸಿಗಳ ವಸತಿಗೃಹಗಳಲ್ಲಿಯೂ ಇವು ಕೆಲವು ವರ್ಷ ದುಡಿದ ಮೇಲೆ ಬ್ಯಾಟರಿಗಳು ಸವೆದುಹೋಗುವುವು. ಹೊಸ ಬ್ಯಾಟರಿಗಳಿಗೆ ಹಣ ಸುರಿಯುವುದಕ್ಕಿಂತ ಹೊಸ ಗಾಡಿಯೇ ಲೇಸೆಂದು ಒಡೆಯರು ಹಳೆಯದನ್ನು ಅಗ್ಗವಾಗಿ ಮಾರಿಬಿಡುವುದುಂಟು. ಇಂತಹ ಗಾಡಿಯನ್ನು ಕೊಂಡು ಹೊಲದ ಕೆಲಸಕ್ಕೆ ಒಗ್ಗಿಸಿಕೊಳ್ಳಬಹುದೇ ಎಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಜಮೀನುದಾರರಲ್ಲಿ ಕೇಳುವವರಿರುವರು. ಒಗ್ಗಿಸಿಕೊಳ್ಳಬಹುದು. ಆದರೆ ಎಲ್ಲರಿಗೂ ಅಲ್ಲ, ಎಲ್ಲ ಜಮೀನಿಗೂ ಅಲ್ಲ. ತಿಳಿಯದೆ ಕೈಹಾಕಿದರೆ ಅಗ್ಗವಾಗಿ ತಂದುದು ಹೊಸದಕ್ಕಿಂತ ದುಬಾರಿಯಾಗಿ ಕೊಟ್ಟಿಗೆಯ ಮೂಲೆ ಸೇರುವುದು. ಪ್ರಾಣಕ್ಕೆ ಸಂಚಕಾರವೂ ಬರಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಬರೆಯಲಾಗಿದೆ.

ಗಾಲ್ಫ್ ಆಟವು ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಗಾಲ್ಫ್ ಸಂಘವು ೧೮೭೬ರಲ್ಲಿಯೇ ಸ್ಥಾಪಿತವಾದುದು. ಆದರೆ ಆಗಿನ ಆಟಗಾರರು ನಡೆದೇ ಆಡುತ್ತಿದ್ದರು. ಅವರಿಗಾಗಿ ಗಾಡಿಗಳನ್ನು ಮಾಡುವ ದೊಡ್ಡ ಕಾರ್ಖಾನೆಗಳು ಅಮೆರಿಕ ದೇಶದಲ್ಲಿ ೧೯೫೦ರ ದಶಕದಲ್ಲಿ ಹುಟ್ಟಿದುವು. ಅಲ್ಲಿಯ ಒಕ್ಕಲಿಗರು ಮತ್ತು ಬೇಟೆಗಾರರು ಸವೆದ ಗಾಡಿಗಳನ್ನು ಕೊಂಡು, ದೊಡ್ಡ ಗಾಲಿ ಹಾಕಿ, ಮೈಯನ್ನು ಎತ್ತರಿಸಿ, ಹಿಂದುಗಡೆ ಹೊರೆಯ ತೊಟ್ಟಿಯನ್ನೂ ಮುಂದುಗಡೆ ಬಂದೂಕಿನ ನಿಲುವನ್ನೂ ಕೂಡಿಸಿ, ಹೊಲಕ್ಕೂ ಬೇಟೆಗೂ ಒಂದೇ ಬಗ್ಗಿಯನ್ನು ಮಾಡಿಕೊಂಡರು. ಬಗ್ಗಿಯೆಂದರೆ ನಮ್ಮ ಹಿರಿಯರಿಗೆ ಕುದುರೆ ಹೂಡಿದ ಗಾಡಿ. ಈಗ ಅದೇ ಹೆಸರು ಬ್ಯಾಟರಿಯ ಗಾಡಿಗೂ ಬಂದಿದೆ. ಆ ಅಮೆರಿಕದ ಬಗ್ಗಿಯ ಚಿತ್ರಗಳನ್ನು ನೋಡಿಯೇ ನಮ್ಮವರಿಗೂ ಈ ಹಂಬಲವು ಹುಟ್ಟಿರುವುದು. ಅದರ ಬೇಟೆಯ ಭಾಗವು ಇಲ್ಲಿ ಸಲ್ಲದು. ಕಾರಣವನ್ನು ಮುಂದೆ ಹೇಳುವೆವು. ಹೊಲದ ಭಾಗವನ್ನು ಮೊದಲು ನೋಡೋಣ.

ಯಾವ ಜಮೀನಿಗೆ ತಕ್ಕುದು

ಈ ನಾಲ್ಕು ತಾಲ್ಲೂಕುಗಳು ಹದ ಮಾಡಿದ ಹೊಗೆಸೊಪ್ಪಿಗೆ ಪ್ರಸಿದ್ಧವಾದ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಹರಾಜು ಕಟ್ಟೆಗಳ ಹೆಸರನ್ನು ಕೇಳದ ರೈತರಿಲ್ಲ. ಹೊಗೆಸೊಪ್ಪಿಗೆ ಒಗ್ಗುವ ಹಗುರಾದ ಕೆಂಪು ಮರಳುಮಿಶ್ರಿತ ಭೂಮಿಯೇ ಈ ಗಾಡಿಗೂ ಒಗ್ಗುವ ಭೂಮಿ. ಇಂತಹ ನೆಲದಲ್ಲಿ ಮಳೆ ನಿಂತ ಮರುದಿನವೇ ಗಾಲಿಗಳು ಹೂಳದೆ ಹೋಗುವುವು. ಎಲೆ ಮುರಿಯುವ ಕಾಲದಲ್ಲಿ, ಒಂದೊಂದು ಗಿಡದಿಂದ ಹಣ್ಣಾದ ಎರಡು ಮೂರು ಎಲೆಗಳನ್ನು ಮಾತ್ರ ಮುರಿದು, ಬಾಡದಂತೆಯೂ ಕಂದದಂತೆಯೂ ಬ್ಯಾರನ್‌ಗೆ ಮುಟ್ಟಿಸಬೇಕು. ಎಲೆಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿದರೆ ಬೆಚ್ಚಗಾಗಿ ಕೆಡುವುವು. ಆದುದರಿಂದ ಚಿಕ್ಕ ಹೊರೆಗಳನ್ನು ಮೇಲಿಂದ ಮೇಲೆ ಸಾಗಿಸುವ ಹಗುರವಾದ ಗಾಡಿಗೆ ಇಲ್ಲಿ ನಿಜವಾದ ಕೆಲಸವುಂಟು. ಹಾಲಿನ ಕ್ಯಾನುಗಳನ್ನು ಡೇರಿಗೆ ಸೇರುವ ತಮ್ಮ ಓಣಿಯ ಕೊನೆಯವರೆಗೆ ಒಯ್ಯುವುದು, ಹಸುಗಳಿಗೆ ಮೇವು ತರುವುದು, ಶುಂಠಿಯ ಬಿತ್ತನೆಗೆಡ್ಡೆ, ಗೊಬ್ಬರದ ಚೀಲ, ಔಷಧಿ ಸಿಂಪಡಿಸುವ ಡ್ರಮ್ಮು, ಬೋರ್‌ವೆಲ್ಲಿನ ಪೈಪುಗಳು ಇವೆಲ್ಲವೂ ಅದರ ಕೆಲಸವೇ.

ಕೃಷ್ಣರಾಜನಗರ ತಾಲ್ಲೂಕಿನ ನಾಲೆಯ ಕೆಳಗಣ ಗದ್ದೆಗಳಲ್ಲಿ ಈ ಮಾತು ನಡೆಯದು. ಗದ್ದೆಯ ಕೆಸರಿಗೆ ಇಳಿದರೆ ಹಿಂದಿನ ಎರಡು ಗಾಲಿಗಳಲ್ಲಿ ಒಂದು ಮಾತ್ರ ಜಾರುತ್ತ ತಿರುಗಿ ಇನ್ನೊಂದು ನಿಂತೇ ಇರುವುದು. ಈ ಗಾಡಿಗಳ ಹಿಂಬದಿಯ ಹಲ್ಲುಚಕ್ರಗಳ ಪೆಟ್ಟಿಗೆಯ ಏರ್ಪಾಡೇ ಹಾಗಿದೆ. ಗದ್ದೆಬದುಗಳ ಅಗಲವೂ ಸಾಲದು. ಹೆಗ್ಗಡದೇವನಕೋಟೆಯ ಎರೆಭೂಮಿಯಲ್ಲಿ ಹತ್ತಿ ಬೆಳೆಯುವವರು ಬೇಸಗೆಯಲ್ಲಿ ಉಪಯೋಗಿಸಬಹುದು, ಮಳೆಗಾಲದಲ್ಲಿ ಉಪಯೋಗಿಸಕೂಡದು. ಅಂತಹ ಕಡೆ ಒಂದು ಜೊತೆ ಹಳ್ಳಿಕಾರ್ ಎತ್ತುಗಳನ್ನು ಮೀರಿಸಿದ ವಾಹನವನ್ನು ನಾವು ಕಂಡಿಲ್ಲ.

ಹುಣಸೂರಿನ ಸುತ್ತಿನವರಿಗೆ ಒಂದು ಅನುಕೂಲವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಏರ್ಪಾಡಿಗೂ ಸೈನ್ಯದ ಸರಬರಾಜು ಇಲಾಖೆಗೂ ಆ ಊರೇ ಕೇಂದ್ರವಾಗಿದ್ದು, ಚರ್ಮ, ಕಂಬಳಿ, ಮರ ಇವುಗಳ ಕೆಲಸಗಳು ಅಲ್ಲಿ ನಡೆಯುತ್ತಿದ್ದುವು. ಆ ಕಾರ್ಖಾನೆಗಳು ಮುಚ್ಚಿದ ಮೇಲೂ ಕೈಗಾರಿಕೆಯ ಅಭ್ಯಾಸವು ಊರಿನಲ್ಲಿ ಉಳಿದು, ಗಾಡಿಗಳನ್ನು ಕಟ್ಟುವ ಮತ್ತು ದುರಸ್ತು ಮಾಡುವ ಕಸಬು ಬಹುಕಾಲ ನಡೆಯಿತು. ಇಂದಿಗೂ ಟ್ರಾಕ್ಟರ್ ಟ್ರೇಲರುಗಳನ್ನೂ ಟೈರುಗಾಡಿಗಳನ್ನೂ ಕಟ್ಟುವ ವೆಲ್ಡಿಂಗ್ ಅಂಗಡಿಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಕಬ್ಬಿಣದ ಕೆಲಸವು ಅವರಿಗೆ ಚೆನ್ನಾಗಿ ಬರುವುದು. ವಿದ್ಯುತ್ತಿನ ಕೆಲಸಕ್ಕೆ ಮಾತ್ರ ಬೇರೆ ತಿಳಿದವರನ್ನು ಕರೆಯತಕ್ಕದ್ದು.

ಕೊಳ್ಳುವಾಗ ನೋಡತಕ್ಕ ಅಂಶಗಳು

ಮಾರುವವನು ಬಣ್ಣವನ್ನೂ ಆಸನದ ಮೆತ್ತೆಯನ್ನೂ ತೋರಿಸುವನು. ಕೊಳ್ಳುವವನು ಆಸನವನ್ನು ಎತ್ತಿಸಿ, ಅದರ ಕೆಳಗೆ ಬ್ಯಾಟರಿಗಳು ಕೂರುವ ತಟ್ಟೆಯನ್ನು ನೋಡತಕ್ಕದ್ದು. ಬ್ಯಾಟರಿಯಿಂದ ತುಳುಕಿದ ಆಸಿಡ್ ಮೊದಲು ತಿನ್ನುವುದು ಅದನ್ನೇ, ಆಮೇಲೆ ಅದರ ಕೆಳಗಣ ಚೌಕಟ್ಟನ್ನು. ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿದರೆ ಕಬ್ಬಿಣವು ಬಿಸ್ಕತ್ತಿನಂತೆ ಉದುರುವುದಾದರೆ ಅಂತಹ ಗಾಡಿಯು ಬಿಟ್ಟಿ ಬಂದರೂ ಬೇಡ. ಕೆಲವು ಕಾರ್ಖಾನೆಗಳ ಚೌಕಟ್ಟು ಅಲ್ಯುಮಿನಿಯಮ್ಮಿನದು. ಅದಕ್ಕೆ ತುಕ್ಕಿನ ಭಯವು ಕಡಮೆ, ಆದರೆ ಊರಿನ ಸಾಧಾರಣ ವೆಲ್ಡಿಂಗ್ ಅದಕ್ಕೆ ಹಿಡಿಯದು; ಹೊಸ ಭಾಗಗಳನ್ನು ಬೋಲ್ಟುಗಳಿಂದಲೇ ಕೂಡಿಸಬೇಕು. ಕಬ್ಬಿಣವೂ ಅಲ್ಯುಮಿನಿಯಮ್ಮೂ ನೇರವಾಗಿ ತಗುಲಿ ನೆನೆಯುತ್ತಿದ್ದರೆ ಅಲ್ಯುಮಿನಿಯಮ್ಮು ಬೂದಿಯಾಗುತ್ತ ಹೋಗುವುದರಿಂದ, ನಡುವೆ ರಬ್ಬರಿನ ಹಾಳೆಯನ್ನು ಇಡುವುದೊಳ್ಳೆಯದು.

ಎರಡನೆಯದಾಗಿ ಮೋಟಾರನ್ನು ಪರೀಕ್ಷಿಸಬೇಕು. ಇದರಲ್ಲಿ ಎರಡು ಮುಖ್ಯ ಜಾತಿಗಳುಂಟು. ಮೋಟಾರಿನ ಮೈಮೇಲೆ ತಂತಿಗಳನ್ನು ಬಿಗಿಯುವ ಮೊಳೆಗಳು ನಾಲ್ಕೂ ಒಂದೇ ದಪ್ಪವಾಗಿದ್ದರೆ ಅದು ಸೀರೀಸ್ ಮೋಟಾರು. ಎರಡು ದಪ್ಪ ಎರಡು ಸಣ್ಣವಾಗಿದ್ದರೆ ಬೇರೆಯ ಜಾತಿಯದು. ಸೀರೀಸ್ ಮೋಟಾರಿಗೆ ನಿಂತಲ್ಲಿಂದ ಎಳೆಯುವ ಬಲವು ಹೆಚ್ಚು. ಆದರೆ ಇಳಿಜಾರಿನಲ್ಲಿ ಅದು ಗಾಡಿಯನ್ನು ತಡೆದು ಹಿಡಿಯದು, ಗಾಡಿ ಜಾರಿದಷ್ಟೂ ಜಾರಲು ಬಿಡುವುದು. ಎರಡನೆಯ ಜಾತಿಯ ಮೋಟಾರು ಇಳಿಜಾರಿನಲ್ಲಿ ತಾನೇ ವೇಗವನ್ನು ತಡೆದು, ಆ ಬಲದ ಸ್ವಲ್ಪ ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದು. ಪಿರಿಯಾಪಟ್ಟಣದ ಪಶ್ಚಿಮದಲ್ಲಿ ಕೊಡಗಿನ ಕಡೆಗೆ ಏರಿಳಿತವಿರುವ ಜಮೀನುಳ್ಳವರು ಈ ಎರಡನೆಯ ಜಾತಿಯನ್ನೇ ಹುಡುಕಿ ತೆಗೆದುಕೊಳ್ಳತಕ್ಕದ್ದು. ಎರಡಕ್ಕೂ ಕಂಟ್ರೋಲರ್ ಪೆಟ್ಟಿಗೆ ಬೇರೆ ಬೇರೆ. ಒಂದರದು ಇನ್ನೊಂದಕ್ಕೆ ಕೂಡದು. ಸೀರೀಸ್ ಮೋಟಾರನ್ನು ಗಾಡಿಯ ಹಿಂಭಾಗವನ್ನು ಜಾಕಿಯ ಮೇಲೆ ಎತ್ತಿ ಹೊರೆಯಿಲ್ಲದೆ ಪೂರ್ಣ ವೇಗದಲ್ಲಿ ಓಡಿಸಿ ತೋರಿಸಲು ಬಿಡಬಾರದು. ಹೊರೆಯಿಲ್ಲದಾಗ ಅದು ಮಿತಿಮೀರಿ ತಿರುಗಿ ಒಳಗಣ ಸುತ್ತು ಕಿತ್ತುಹೋಗುವ ಸಂಭವವುಂಟು.

ಬ್ಯಾಟರಿಗಳು ಸತ್ತಿರುವುವೆಂದು ಭಾವಿಸಿಯೇ ಬೆಲೆಯನ್ನು ಕಟ್ಟತಕ್ಕದ್ದು. ಗಾಡಿಯ ಬೆಲೆಯೆಂದರೆ ಚೌಕಟ್ಟು, ಮೋಟಾರು, ಅಚ್ಚು, ಕಂಟ್ರೋಲರ್ ಇವುಗಳ ಬೆಲೆ. ಬ್ಯಾಟರಿಯ ಖರ್ಚನ್ನು ಪ್ರತ್ಯೇಕವಾಗಿ ಬರೆದು ಕೂಡಿಸಿ ನೋಡಿದ ಮೇಲೆಯೇ ಮುಂಗಡವನ್ನು ಕೊಡಿರಿ.

ಹೊರೆಯ ಲೆಕ್ಕ

ಇದೇ ಈ ಲೇಖನದ ಮುಖ್ಯ ಭಾಗ, ಮತ್ತು ನಮ್ಮವರು ಲಕ್ಷ್ಯಕ್ಕೆ ತಂದುಕೊಳ್ಳದ ಭಾಗವೂ ಇದೇ. ಇಬ್ಬರು ಕೂರುವ ಸಾಧಾರಣ ಗಾಲ್ಫ್ ಗಾಡಿಯು ಹೊರಬಲ್ಲ ಒಟ್ಟು ಭಾರವು, ಕುಳಿತವರೂ ಸೇರಿ, ಸುಮಾರು ೩೬೦ ಕಿಲೋಗ್ರಾಂ. ನಾವು ಹೊಸದಾಗಿ ಕೂಡಿಸುವ ತೊಟ್ಟಿ, ಕಂಬಿ, ದೊಡ್ಡ ಟೈರು ಇವುಗಳ ಹೆಚ್ಚಿನ ತೂಕವೂ ಈ ೩೬೦ರಲ್ಲಿಯೇ ಕಳೆಯತಕ್ಕುದು. ಅದನ್ನು ೬೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನಡೆಸುವವನು ೭೦. ಉಳಿದುದು ೨೩೦. ಜೊತೆಯಲ್ಲಿ ಒಬ್ಬ ಆಳು ಕುಳಿತರೆ ೧೬೦. ಅಂದರೆ ಇಬ್ಬರು ಕುಳಿತಾಗ ೫೦ ಕಿಲೋಗ್ರಾಮಿನ ಗೊಬ್ಬರದ ಚೀಲಗಳು ಮೂರು ಮಾತ್ರ. ಒಬ್ಬನೇ ಆದರೆ ನಾಲ್ಕು. ಐದನೆಯದನ್ನು ಹಾಕಿದರೂ ಗಾಡಿ ಹೋಗುವುದು. ನಾಳೆಯೂ ಹೋಗುವುದು. ಒಂದು ಹಂಗಾಮು ಕಳೆಯುವುದರೊಳಗೆ ಹಿಂದಿನ ಕಮಾನುಪಟ್ಟಿಗಳು ಚಪ್ಪಟೆಯಾಗಿ, ಮೋಟಾರು ಕಾದು, ಕಂಟ್ರೋಲರ್ ಸುಟ್ಟುಹೋಗುವುದು.

ಎರಡು ಟನ್ನು ಹಸಿ ಎಲೆಯನ್ನು ಬ್ಯಾರನ್‌ಗೆ ಒಯ್ಯಬೇಕಾದರೆ ಒಬ್ಬನೇ ನಡೆಸುವಾಗ ಒಂಬತ್ತು ಸಾರಿ ಹೋಗಬೇಕು. ಎತ್ತಿನ ಟೈರುಗಾಡಿಯು ಇದನ್ನು ಎರಡು ಮೂರು ಸಾರಿಯಲ್ಲಿ ಮುಗಿಸುವುದು. ಹೊಲವು ಬ್ಯಾರನ್‌ಗೆ ಸಮೀಪವಿದ್ದು, ಆಳುಗಳು ಮುರಿದಂತೆ ಮುರಿದಂತೆ ಎಲೆ ಸಾಗಬೇಕಾದ ಕಡೆ ಬಗ್ಗಿ ಮೇಲು. ಒಂದೇ ಸಾರಿ ದೊಡ್ಡ ಹೊರೆ ಸಾಗಬೇಕಾದ ಕಡೆ ಎತ್ತುಗಳೋ ಟ್ರಾಕ್ಟರೋ ಮೇಲು. ಇದನ್ನು ತಮ್ಮ ಜಮೀನಿನ ದೂರವನ್ನು ಅಳೆದು ತಾವೇ ನಿರ್ಣಯಿಸಿಕೊಳ್ಳಬೇಕು.

ತೊಟ್ಟಿಯನ್ನು ಹಗುರವಾಗಿ ಮಾಡಿಸುವುದು ಇದರಿಂದಲೇ ಅವಶ್ಯಕವಾಗಿರುವುದು. ವೆಲ್ಡಿಂಗ್ ಅಂಗಡಿಯವರು ತಮಗೆ ರೂಢಿಯಾದ ಟ್ರೇಲರಿನ ಲೆಕ್ಕದಲ್ಲಿ ದಪ್ಪ ತಗಡನ್ನು ಹಾಕಲು ಮುಂದಾಗುವರು. ಒಂದು ಮೀಟರು ಅಗಲ, ೧.೨ ಮೀಟರು ಉದ್ದದ ತಳಕ್ಕೆ ಮೂರು ಮಿಲಿಮೀಟರು ದಪ್ಪದ ಕಬ್ಬಿಣದ ತಗಡು ಹಾಕಿದರೆ ಅದೊಂದೇ ೨೮ ಕಿಲೋಗ್ರಾಂ ತೂಗುವುದು. ಅಷ್ಟೇ ಅಳತೆಯ ೧೨ ಮಿಲಿಮೀಟರಿನ ನೀರಿಗೆ ತಡೆಯುವ ಪ್ಲೈವುಡ್ ಹಲಗೆಯು ಹತ್ತು ಕಿಲೋಗ್ರಾಮನ್ನು ಮೀರದು. ಚೌಕಟ್ಟಿಗೆ ಸಣ್ಣ ಆ್ಯಂಗಲ್ ಕಬ್ಬಿಣ, ತಳಕ್ಕೆ ಹಲಗೆ, ಪಕ್ಕಗಳಿಗೆ ಕಂಬಿಗಳು ಸಾಕು. ಎಲೆ ಸಾಗಿಸುವಾಗ ಪಕ್ಕಗಳಿಗೆ ಗೋಣಿತಾಟನ್ನು ಕಟ್ಟಿಕೊಂಡರೆ ಎಲೆಗೆ ತರಚೂ ಆಗದು. ತೊಟ್ಟಿಯು ಹಿಂದಿನ ಅಚ್ಚಿನ ಮೇಲೆಯೇ ಕೂರಬೇಕು. ಹಿಂದಕ್ಕೆ ಚಾಚಿಕೊಂಡಿದ್ದರೆ ಏರಿನಲ್ಲಿ ಮುಂದಿನ ಗಾಲಿಗಳು ಹಗುರವಾಗಿ ಸ್ಟಿಯರಿಂಗ್ ಹಿಡಿತಕ್ಕೆ ಸಿಕ್ಕದು.

ಗಾಲಿ, ಎತ್ತರ, ಬ್ರೇಕು

ಗಾಲ್ಫ್ ಗಾಡಿಯ ಮೂಲ ಟೈರುಗಳು ೧೮ ಅಂಗುಲ ಎತ್ತರದವು. ಹುಲ್ಲನ್ನು ಕೆಡಿಸಬಾರದೆಂದು ಅವುಗಳ ಮುಖವನ್ನು ನುಣ್ಣಗೆ ಮಾಡಿರುವರು. ಹೊಲಕ್ಕೆ ಅಚ್ಚುಗಳುಳ್ಳ ಟೈರು ಬೇಕೆಂಬುದು ನಿಜ. ಆದರೆ ಅಮೆರಿಕದ ಚಿತ್ರಗಳನ್ನು ನೋಡಿ ೨೨ ಅಂಗುಲದ ಟೈರನ್ನೇ ಹಾಕಿಸಲು ಹೊರಡುವುದು ಸರಿಯಲ್ಲ. ಗಾಲಿ ದೊಡ್ಡದಾದಷ್ಟೂ ಎಳೆಯುವ ಬಲವು ಕುಂದುವುದು. ೧೮ಕ್ಕೆ ಬದಲು ೨೨ ಆದರೆ ಬಲದಲ್ಲಿ ನೂರಕ್ಕೆ ಹದಿನೆಂಟು ಭಾಗ ಹೋಯಿತು. ೨೦ ಆದರೆ ನೂರಕ್ಕೆ ಹತ್ತು ಮಾತ್ರ. ೨೨ರ ಗಾಲಿಗೆ ಗಾಡಿಯ ಮೈಯನ್ನು ನಾಲ್ಕರಿಂದ ಆರು ಅಂಗುಲ ಎತ್ತರಿಸಲೂಬೇಕು. ನಮ್ಮ ಅಭಿಪ್ರಾಯದಲ್ಲಿ ೨೦ ಅಂಗುಲವು ಈ ಸೀಮೆಗೆ ಯಥೇಷ್ಟ. ಹೊಲದೊಳಗೆ ಹೋಗುವಾಗ ಟೈರಿನ ಗಾಳಿಯನ್ನು ಸ್ವಲ್ಪ ಕಡಮೆ ಮಾಡಿದರೆ ನೆಲದ ಹಿಡಿತವು ಹೆಚ್ಚುವುದು. ಇದಕ್ಕೆ ಖರ್ಚೇನೂ ಇಲ್ಲ.

ಎತ್ತರಿಸುವುದರಲ್ಲಿ ಇನ್ನೊಂದು ಅಪಾಯವುಂಟು. ಈ ಗಾಡಿಯ ಗಾಲಿಗಳ ನಡುವಣ ಅಂತರವು ನಮ್ಮ ಎತ್ತಿನ ಗಾಡಿಯದಕ್ಕಿಂತ ಬಹಳ ಕಿರಿದು. ಇದರ ಮೇಲೆ ಮೈಯನ್ನೂ ಹೊರೆಯನ್ನೂ ಎತ್ತರಿಸಿದರೆ ಪಕ್ಕಕ್ಕೆ ಉರುಳುವುದು ಸುಲಭ. ಈ ಲೇಖಕನು ಒಂದು ಸಲ ಕೆರೆಯ ಏರಿಯಿಂದ ಓರೆಯಾಗಿ ಇಳಿಯುತ್ತಿದ್ದ ಇಂತಹ ಗಾಡಿಯಲ್ಲಿ ತಾನೇ ಕುಳಿತಿದ್ದನು. ಹಿಂದೆ ಔಷಧಿ ನೀರಿನ ಡ್ರಮ್ಮು ಅರ್ಧ ತುಂಬಿತ್ತು. ತುಂಬಿದ ಡ್ರಮ್ಮಿಗಿಂತ ಅರ್ಧ ತುಂಬಿದ ಡ್ರಮ್ಮು ಹಗುರ, ಆದುದರಿಂದ ಕ್ಷೇಮವೆಂದು ನಾವೆಲ್ಲರೂ ಭಾವಿಸಿದ್ದೆವು. ಗಾಡಿಯು ಒಂದು ಕಲ್ಲನ್ನು ಹತ್ತಿದೊಡನೆ ನೀರೆಲ್ಲವೂ ತಗ್ಗಿನ ಪಕ್ಕಕ್ಕೆ ನುಗ್ಗಿತು. ಗಾಡಿಯೂ ಅದನ್ನೇ ಹಿಂಬಾಲಿಸಿತು. ಕೆಳಗೆ ಕೆಸರಿದ್ದುದರಿಂದ ಇಬ್ಬರೂ ಬದುಕಿಕೊಂಡೆವು. ಅಂದಿನಿಂದ ನಾವು ಹೇಳುವುದಿಷ್ಟು: ನೀರನ್ನು ಒಯ್ಯುವುದಾದರೆ ಒಂದು ದೊಡ್ಡ ಡ್ರಮ್ಮಿಗೆ ಬದಲು ಬಾಯಿಮಟ್ಟ ತುಂಬಿ ಮುಚ್ಚಿದ ಸಣ್ಣ ಕ್ಯಾನುಗಳಲ್ಲಿ ಒಯ್ಯಿರಿ, ಇಳಿಜಾರನ್ನು ಓರೆಯಾಗಿ ಹಾಯದೆ ನೆಟ್ಟಗೆ ಇಳಿಯಿರಿ.

ನೆಟ್ಟಗೆ ಇಳಿಯಬೇಕಾದರೆ ಬ್ರೇಕು ಇರಬೇಕಷ್ಟೆ. ಬಹುಪಾಲು ಗಾಲ್ಫ್ ಗಾಡಿಗಳಲ್ಲಿ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ, ಅದೂ ತಂತಿಯಿಂದ ಎಳೆಯುವ ಜಾತಿಯದು. ಆಟದ ಬಯಲಿನ ನುಣುಪು ದಾರಿಗೆ ಅದು ಸಾಕು. ಹೊರೆ ಹೊತ್ತು ಇಳಿಯುವಾಗ ಭಾರವು ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ಹಿಂದಿನವು ಹಿಡಿದರೂ ಜಾರುವುವು. ಮಾರ್ಪಡಿಸುವಾಗ ಬ್ರೇಕಿನ ಲೈನಿಂಗುಗಳನ್ನೂ ತಂತಿಗಳನ್ನೂ ಹೊಸದಾಗಿ ಹಾಕಿಸಿ, ತುಂಬಿದ ಹೊರೆಯೊಂದಿಗೆ ಪರೀಕ್ಷಿಸದೆ ಆಳುಗಳ ಕೈಗೆ ಕೊಡಕೂಡದು. ಮಕ್ಕಳು ಇದನ್ನು ಆಟದ ಸಾಮಾನೆಂದೇ ತಿಳಿಯುವರು. ಬೀಗದ ಕೈ ಯಜಮಾನನ ಬಳಿಯಲ್ಲಿರತಕ್ಕದ್ದು.

ಬ್ಯಾಟರಿಯ ವಿಚಾರ

ಗಾಡಿಗಳು ಸಾಧಾರಣವಾಗಿ ೩೬ ಅಥವಾ ೪೮ ವೋಲ್ಟಿನವು. ಎಂಟು ವೋಲ್ಟಿನ ಆರು ಸೀಸದ ಬ್ಯಾಟರಿಗಳನ್ನು ಸಾಲಾಗಿ ಕೂಡಿಸಿದರೆ ೪೮ ಆಗುವುದು. ಇವು ಟ್ರಾಕ್ಟರಿನ ಬ್ಯಾಟರಿಯ ಜಾತಿಯವಲ್ಲ. ಟ್ರಾಕ್ಟರಿನದು ಒಂದು ಕ್ಷಣ ಬಲವಾಗಿ ಕೊಟ್ಟು ಸುಮ್ಮನಾಗಲು ಮಾಡಿದುದು. ಗಾಡಿಯದು ಗಂಟೆಗಟ್ಟಲೆ ಸಮನಾಗಿ ಕೊಡಲು ಮಾಡಿದುದು. ಅಗ್ಗವೆಂದು ಟ್ರಾಕ್ಟರಿನ ಬ್ಯಾಟರಿಗಳನ್ನು ಹಾಕಿದವರು ಕೆಲವೇ ತಿಂಗಳುಗಳಲ್ಲಿ ಪಶ್ಚಾತ್ತಾಪಪಡುವರು. ಒಂದು ಮಾತ್ರ ಹೊಸದು ಉಳಿದವು ಹಳೆಯವು ಎಂದು ಬೆರಸುವುದೂ ಸಲ್ಲದು, ಹಳೆಯವು ಹೊಸದನ್ನೂ ಕೆಡಿಸುವುವು.

೪೮ ವೋಲ್ಟು ೧೭೦ ಆಂಪೇರ್-ಗಂಟೆಯ ಸೀಸದ ಬ್ಯಾಟರಿಗಳಲ್ಲಿ ಲೆಕ್ಕಕ್ಕೆ ಎಂಟು ಯೂನಿಟ್ಟು ವಿದ್ಯುತ್ತಿರುವುದು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಬೇಗನೆ ಕ್ಷೀಣಿಸುವುದರಿಂದ, ಉಪಯೋಗಕ್ಕೆ ಬರುವುದು ನಾಲ್ಕು ಯೂನಿಟ್ಟು. ಹೊರೆ ಹೊತ್ತ ಗಾಡಿಗೆ ಈ ನಾಲ್ಕು ಯೂನಿಟ್ಟು, ನಮ್ಮ ಲೆಕ್ಕದಂತೆ, ಗಟ್ಟಿ ರಸ್ತೆಯಲ್ಲಿ ಸುಮಾರು ೫೦ ಕಿಲೋಮೀಟರಿಗೂ ಮೃದುವಾದ ಹೊಲದಲ್ಲಿ ೨೦ರಿಂದ ೨೫ಕ್ಕೂ ಬರುವುದು. ಕೆಸರಿನಲ್ಲಿ ಹತ್ತಕ್ಕೂ ಸಾಲದು. ಮಾರುವವನು ಹೇಳುವ ದೂರವು ಯಾವಾಗಲೂ ಗಟ್ಟಿ ರಸ್ತೆಯದೇ ಆಗಿರುವುದು.

ಈಚೆಗೆ ಲಿಥಿಯಮ್ ಬ್ಯಾಟರಿಗಳು ಬಂದಿವೆ. ಆರು ಸೀಸದ ಬ್ಯಾಟರಿಗಳು ಕೂಡಿ ಸುಮಾರು ೧೭೫ ಕಿಲೋಗ್ರಾಂ ತೂಗಿದರೆ, ಅಷ್ಟೇ ಕೆಲಸ ಕೊಡುವ ಲಿಥಿಯಮ್ ಪೆಟ್ಟಿಗೆಯು ಸುಮಾರು ೫೦ ಮಾತ್ರ. ನೀರು ಹಾಕುವ ಶ್ರಮವಿಲ್ಲ, ಬಾಳಿಕೆಯೂ ಹೆಚ್ಚು, ಮೊದಲ ಬೆಲೆಯೂ ಹೆಚ್ಚು. ಅದಕ್ಕೆ ತಕ್ಕ ಚಾರ್ಜರನ್ನೇ ಕೊಳ್ಳಬೇಕು. ಸೀಸದ ಬ್ಯಾಟರಿಯ ಹಳೆಯ ಚಾರ್ಜರನ್ನು ಅದಕ್ಕೆ ಹಚ್ಚಕೂಡದು. ಹಂಗಾಮು ಪೂರ್ತಿ ದಿನವೂ ದುಡಿಸುವವರಿಗೆ ಲಿಥಿಯಮ್ ಲಾಭ; ವಾರಕ್ಕೆ ಎರಡು ದಿನ ನಡೆಸುವವರಿಗೆ ಸೀಸವೇ ಸಾಕು.

ಸೀಸದ ಬ್ಯಾಟರಿಗಳನ್ನು ಚಾರ್ಜು ಮಾಡುವಾಗ ಜಲಜನಕ ವಾಯುವು ಹೊರಡುವುದು. ಇದು ಕಿಡಿ ತಗುಲಿದರೆ ಸಿಡಿಯುವ ವಾಯು. ಆದುದರಿಂದ ಗಾಳಿಯಾಡುವ ಮಾಡಿನ ಕೆಳಗೆ ಚಾರ್ಜು ಮಾಡಬೇಕು. ಉರಿ ಹಾಕಿದ ಬ್ಯಾರನ್‌ನ ಒಲೆಯ ಪಕ್ಕದಲ್ಲಿ, ಅಲ್ಲಿ ಪ್ಲಗ್ಗು ಹತ್ತಿರವಿದೆಯೆಂಬ ಕಾರಣದಿಂದ, ಎಂದಿಗೂ ಮಾಡಬಾರದು. ಬ್ಯಾಟರಿಗಳನ್ನು ಇಳಿಸದೆ ಗಾಡಿಗೆ ವೆಲ್ಡಿಂಗ್ ಮಾಡಿಸುವುದೂ ಇದೇ ಅಪಾಯಕ್ಕೆ ಸೇರಿದುದು. ಬಟ್ಟಿ ಇಳಿಸಿದ ನೀರನ್ನು ಪೂರ್ಣ ಚಾರ್ಜಾದ ಮೇಲೆ ತುಂಬಬೇಕು, ಮುಂಚೆ ತುಂಬಿದರೆ ಉಕ್ಕಿ ಹೊರಬರುವುದು. ಫಲಕಗಳು ನೀರಿನ ಮೇಲೆ ಕಾಣಿಸುತ್ತಿದ್ದರೆ ಮಾತ್ರ ಮೊದಲೇ ಅವು ಮುಳುಗುವಷ್ಟು ಹಾಕಬಹುದು. ಬೋರ್‌ವೆಲ್ಲಿನ ನೀರು ಬೇಡ. ಕೆಲಸಕ್ಕೆ ಕೈಹಾಕುವ ಮುಂಚೆ ಉಂಗುರ, ಕಡಗ, ಗಡಿಯಾರಗಳನ್ನು ತೆಗೆದಿಡಿರಿ. ೪೮ ವೋಲ್ಟಿನಿಂದ ಶಾಕ್ ಹೊಡೆಯುವುದು ಅಪರೂಪವಾದರೂ, ಸ್ಪಾನರು ಎರಡು ಮೊಳೆಗಳಿಗೆ ಅಡ್ಡ ಬಿದ್ದರೆ ಕಬ್ಬಿಣವೇ ಕರಗುವುದು. ಮುಖ್ಯ ತಂತಿಯಲ್ಲಿ ತಕ್ಕ ಫ್ಯೂಸು ಇರಲೇಬೇಕು.

ಒಂದು ಪೂರ್ಣ ಚಾರ್ಜಿಗೆ ಮನೆಯ ವಿದ್ಯುತ್ತಿನಲ್ಲಿ ಆರೇಳು ಯೂನಿಟ್ಟು ಹಿಡಿಯಬಹುದು. ಪಂಪುಸೆಟ್ಟಿನ ತಂತಿಗೆ ಚಾರ್ಜರನ್ನು ಕೂಡಿಸುವ ದುರಭ್ಯಾಸವು ಬೇಡ. ಆ ವಿದ್ಯುತ್ತು ನೀರೆತ್ತುವುದಕ್ಕೆಂದೇ ಕೊಟ್ಟುದು. ಅದರ ವೋಲ್ಟೇಜಿನ ಏರಿಳಿತದಿಂದ ಚಾರ್ಜರೂ ಉಳಿಯದು. ಸೂರ್ಯನ ಬೆಳಕಿನ ಫಲಕಗಳನ್ನು ಹಾಕಿಸಿಕೊಂಡವರಿಗೆ, ಒಂದು ಕಿಲೋವ್ಯಾಟಿನ ಫಲಕಗಳಿಂದ ಬಿಸಿಲಿನ ದಿನ ನಾಲ್ಕು ಯೂನಿಟ್ಟಿನಷ್ಟು ದೊರೆಯುವುದು. ಆದರೆ ಎಲೆ ಮುರಿಯುವ ಕಾಲವೇ ಮೋಡದ ಕಾಲವಾದುದರಿಂದ ಅದನ್ನೇ ಪೂರ್ತಿಯಾಗಿ ನೆಚ್ಚಿಕೊಳ್ಳಲಾಗದು.

ರಸ್ತೆಯ ಕಾಯಿದೆ

ಇಂತಹ ಗಾಡಿಯನ್ನು ತಮ್ಮ ಜಮೀನಿನ ಆವರಣದೊಳಗೆ ನಡೆಸುವುದು ಒಂದು, ಊರಿನ ರಸ್ತೆಯಲ್ಲಿ ನಡೆಸುವುದು ಇನ್ನೊಂದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಸಾರ್ವಜನಿಕ ರಸ್ತೆಗೆ ಬರುವ ಮೋಟಾರು ವಾಹನಕ್ಕೆ ನೋಂದಣಿಯೂ ವಿಮೆಯೂ ಇರಬೇಕು. ಬ್ಯಾಟರಿಯ ಸಣ್ಣ ಸ್ಕೂಟರುಗಳಿಗೆ ಇರುವ ವಿನಾಯಿತಿಯು ಇದಕ್ಕೆ ಅನ್ವಯಿಸದು, ಏಕೆಂದರೆ ಇದರ ತೂಕವೂ ಬಲವೂ ಆ ಮಿತಿಗಿಂತ ಬಹಳ ಹೆಚ್ಚು. ಊರಿನ ಯಜಮಾನರು ಇದನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಸದ್ದಿಲ್ಲದ ಗಾಡಿಯು ಹಿಂದಿನಿಂದ ಬರುವುದು ಬೀದಿಯಲ್ಲಿ ಆಡುವ ಮಗುವಿಗಾಗಲಿ, ಕಿವಿ ಮಂದವಾದ ಮುದುಕರಿಗಾಗಲಿ ತಿಳಿಯುವುದಿಲ್ಲ. ವಿಮೆಯಿಲ್ಲದ ಗಾಡಿಯಿಂದ ಒಬ್ಬರಿಗೆ ಪೆಟ್ಟಾದರೆ ಪರಿಹಾರದ ಹೊಣೆಯೆಲ್ಲವೂ ಒಡೆಯನ ತಲೆಯ ಮೇಲೆ ಬೀಳುವುದು. ಜಮೀನನ್ನು ಮಾರಿ ಕೊಡಬೇಕಾದ ಸಂದರ್ಭವೂ ಬಂದೀತು. ಎತ್ತಿನ ಕೊರಳಗಂಟೆಯೊಂದನ್ನು ಮುಂದೆ ಕಟ್ಟಿಕೊಳ್ಳುವುದು ನಗೆಯ ಮಾತಲ್ಲ, ಹೊಲದೊಳಗೂ ಅದು ಪ್ರಯೋಜನಕಾರಿ.

ಬೇಟೆಯ ಬಗ್ಗಿ ಇಲ್ಲಿ ಏಕೆ ಸಲ್ಲದು

ಹಿಂದೆ ಕಾಕನಕೋಟೆಯ ಕಾಡುಗಳು ಆನೆಗಳ ಖೆಡ್ಡಾಗೆ ಲೋಕಪ್ರಸಿದ್ಧವಾಗಿದ್ದುವು. ಅರಸರ ಕಾಲದ ಬೇಟೆಯ ಕಥೆಗಳನ್ನು ಹೆಗ್ಗಡದೇವನಕೋಟೆಯ ಹಿರಿಯರು ಇಂದಿಗೂ ಹೇಳುವರು. ಕೊನೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಂಗೀಕೃತವಾಯಿತು. ಆ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ; ಹಿಡಿಯುವುದು, ಉರುಲೊಡ್ಡುವುದು, ಅಟ್ಟುವುದು, ಆಮಿಷವೊಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಆದಕಾರಣ ಬಂದೂಕಿಲ್ಲದೆ ಬಗ್ಗಿಯಲ್ಲಿ ಕುಳಿತು ದೀಪ ಹಾಕಿ ಜಿಂಕೆಯನ್ನೋ ಹಂದಿಯನ್ನೋ ಅಟ್ಟಿಸಿಕೊಂಡು ಹೋದವನೂ ಅಪರಾಧಿಯಾಗಬಹುದು. ಗಾಡಿಯನ್ನು ಜಪ್ತು ಮಾಡಲು ಅಧಿಕಾರವುಂಟು. ಬೆಳೆಯ ರಕ್ಷಣೆಗೆಂದು ಕೊಟ್ಟ ಬಂದೂಕಿನ ಪರವಾನಗಿಯು ಕಾಡುಪ್ರಾಣಿಯನ್ನು ಕೊಲ್ಲಲು ಕೊಟ್ಟ ಅಪ್ಪಣೆಯಲ್ಲ. ಬಂದೂಕಿನ ನಿಲುವನ್ನು ಮಾಡಿಸಲು ಹಣ ಕೊಟ್ಟವರು ಆ ಹಣವನ್ನು ಬ್ರೇಕಿಗೆ ಹಾಕಿದ್ದರೆ ಲೇಸಾಗುತ್ತಿತ್ತು.

ಆದರೆ ಬೆಳೆಗಾವಲಿನ ಕಷ್ಟವು ಸುಳ್ಳಲ್ಲ. ನಾಗರಹೊಳೆಯ ಅಂಚಿನ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಗ್ರಾಮಗಳಲ್ಲಿ ಆನೆಗಳು ಒಂದು ರಾತ್ರಿಯಲ್ಲಿ ವರ್ಷದ ದುಡಿಮೆಯನ್ನು ತುಳಿದುಹೋಗುವುದನ್ನು ನೋಡಿದವರಿಗೆ ಬುದ್ಧಿವಾದ ಹೇಳುವುದು ಸುಲಭವಲ್ಲ. ಕಾವಲಿಗೆ ಬಗ್ಗಿಯನ್ನು ಉಪಯೋಗಿಸಬಹುದೇ ಎಂಬ ಪ್ರಶ್ನೆಗೆ ಉತ್ತರವು ಹೀಗಿದೆ: ಹಗಲು ಬೇಲಿಯ ತಂತಿಗಳನ್ನು ನೋಡಿಬರಲು, ಸೌರಬೇಲಿಯ ಬ್ಯಾಟರಿಯನ್ನು ಒಯ್ಯಲು, ಕಂಬಗಳನ್ನು ಸಾಗಿಸಲು, ಕಂದಕದ ಕುಸಿತವನ್ನು ಪರೀಕ್ಷಿಸಲು ಅದು ಬಹಳ ಒಳ್ಳೆಯದು. ಕತ್ತಲಾದ ಮೇಲೆ ಆನೆಯಿರುವ ಕಡೆಗೆ ಅದರಲ್ಲಿ ಹೋಗುವುದು ಆತ್ಮಘಾತುಕ. ಆನೆಯು ಗಂಟೆಗೆ ೨೪ ಕಿಲೋಮೀಟರಿನಷ್ಟು ವೇಗದಿಂದ ನುಗ್ಗಬಲ್ಲುದು. ಬಗ್ಗಿಯು ಸಮನಾದ ರಸ್ತೆಯಲ್ಲಿ ಹೊರೆಯಿಲ್ಲದೆ ಅಷ್ಟೇ ವೇಗದಿಂದ ಹೋದರೂ, ಉತ್ತ ಹೊಲದಲ್ಲಿ ಅದರ ಅರ್ಧವೂ ಹೋಗದು. ಅದಕ್ಕೆ ಬಾಗಿಲಿಲ್ಲ, ಗೋಡೆಯಿಲ್ಲ. ಸದ್ದಿಲ್ಲದಿರುವುದು ಗುಣವೆಂದು ಬೇಟೆಗಾರರು ಹೊಗಳಿದರು. ಇಲ್ಲಿ ಅದೇ ದೋಷವಾಗುವುದು. ಟ್ರಾಕ್ಟರಿನ ಸದ್ದನ್ನು ಕೇಳಿ ದೂರದಿಂದಲೇ ಸರಿದುಹೋಗುವ ಆನೆಯು, ಹತ್ತಡಿ ದೂರದಲ್ಲಿ ಥಟ್ಟನೆ ಪ್ರತ್ಯಕ್ಷವಾದ ಗಾಡಿಯನ್ನು ಕಂಡರೆ ಬೆದರಿ ಮೇಲೆ ಬೀಳುವುದೇ ಹೆಚ್ಚು. ಚಿರತೆಯ ವಿಷಯದಲ್ಲಿಯೂ ಇದೇ ಮಾತು. ರಾತ್ರಿ ಆನೆಯು ಹೊಲಕ್ಕೆ ಇಳಿದರೆ ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ, ಬೆಳಗಾದ ಮೇಲೆ ನಷ್ಟವಾದ ಬೆಳೆಯ ಚಿತ್ರಗಳನ್ನು ತೆಗೆದಿಟ್ಟುಕೊಂಡು ಪರಿಹಾರಕ್ಕೆ ಅರ್ಜಿಯನ್ನು ಕೊಡತಕ್ಕದ್ದು. ಪಹಣಿಯ ಪ್ರತಿಯನ್ನು ಮುಂಚಿತವಾಗಿಯೇ ತೆಗೆಸಿಟ್ಟಿದ್ದರೆ ಅಲೆದಾಟವು ಕಡಮೆಯಾಗುವುದು.

ಹಂಗಾಮು ಕಳೆದ ಮೇಲೆ

ಹೊಗೆಸೊಪ್ಪು ಹರಾಜಿಗೆ ಹೋದ ಮೇಲೆ ಮುಂದಿನ ನಾಟಿಯವರೆಗೆ ಗಾಡಿಗೆ ಕೆಲಸವು ಕಡಮೆ. ಸೀಸದ ಬ್ಯಾಟರಿಗಳು ಸಾಯುವುದು ಹೆಚ್ಚಾಗಿ ಈ ವಿಶ್ರಾಂತಿಯ ತಿಂಗಳುಗಳಲ್ಲಿಯೇ, ದುಡಿಯುವಾಗಲ್ಲ. ಅರ್ಧ ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳು ಗಟ್ಟಿಯಾಗಿ ಮರಳಿ ಚಾರ್ಜನ್ನು ಹಿಡಿಯವು. ಆದುದರಿಂದ ಗಾಡಿಯನ್ನು ನಿಲ್ಲಿಸುವ ಮುಂಚೆ ಪೂರ್ಣ ಚಾರ್ಜು ಮಾಡಿ, ಹೈಡ್ರಾಮೀಟರಿನಲ್ಲಿ ಪ್ರತಿ ಕೋಣೆಯೂ ೧.೨೬೫ರ ಸಮೀಪವನ್ನು ತೋರಿಸುವುದನ್ನು ನೋಡಿಕೊಂಡು, ಮುಖ್ಯ ತಂತಿಯನ್ನು ಬಿಚ್ಚಿಡತಕ್ಕದ್ದು. ಆಮೇಲೆ ತಿಂಗಳಿಗೊಮ್ಮೆ ಮತ್ತೆ ಚಾರ್ಜು ಮಾಡತಕ್ಕದ್ದು. ಬ್ಯಾಟರಿಯ ತಟ್ಟೆಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು ಒಣಗಿಸಿ, ಮೊಳೆಗಳಿಗೆ ಗ್ರೀಸನ್ನು ಸವರಿರಿ. ತೊಳೆಯುವಾಗ ಸೋಡಾ ನೀರು ಬ್ಯಾಟರಿಯ ಬಾಯೊಳಗೆ ಹೋಗದಂತೆ ಮುಚ್ಚಳಗಳನ್ನು ಬಿಗಿದಿರಬೇಕು. ತಂತಿಗಳ ಮೇಲ್ಹೊದಿಕೆಯನ್ನು ಇಲಿಗಳು ಕಡಿಯುವುದುಂಟಾದುದರಿಂದ, ಹುಲ್ಲಿನ ಬಣವೆಯ ಪಕ್ಕದಲ್ಲಿ ಗಾಡಿಯನ್ನು ನಿಲ್ಲಿಸಬೇಡಿರಿ.